ತಕ್ಕಡಿಯಲ್ಲಿ ಹಗುರಾದ ಗಿಟಾರು

ಐದು ತಂತಿ ಇರಬೇಕು, ಭಾರ ಇರಬಾರದು. ನಾನು ಕೇಳಿದ್ದು ಇಷ್ಟೇ. ಇಷ್ಟು ಕೇಳಿದ್ದಕ್ಕೆ ನಾಲ್ಕು ತಿಂಗಳ ಕಾಲ ನನ್ನ ತಲೆ ತಿನ್ನದವರು ವಿಜಯಪುರದಲ್ಲಿ ಯಾರೂ ಉಳಿಯಲಿಲ್ಲ.

ನನ್ನ ಕಸುಬು ಬಾಂಡೆ ವ್ಯಾಪಾರ. ಸಿದ್ಧೇಶ್ವರ ಗುಡಿಯಿಂದ ಎರಡು ಓಣಿ ದಾಟಿದರೆ ನಮ್ಮ ಅಂಗಡಿ. ಹಿತ್ತಾಳೆಯ ಕೊಡ, ತಾಮ್ರದ ಹಂಡೆ, ಸ್ಟೀಲಿನ ಪರಾತ, ಮದುವೆಯಲ್ಲಿ ಮಗಳಿಗೆ ಕೊಟ್ಟು ಕಳಿಸುವ ಪಾತ್ರೆಗಳು. ಅಜ್ಜನ ಕಾಲದಿಂದ ನಮ್ಮಲ್ಲಿ ವ್ಯಾಪಾರ ಶುರುವಾಗುವುದು ಒಂದೇ ಮಾತಿನಿಂದ: ‘ಎತ್ತಿ ನೋಡ್ರಿ.’ ಗಿರಾಕಿ ಕೊಡವನ್ನು ಎತ್ತಬೇಕು, ಅದರ ತೂಕ ತೋಳಿಗೆ ತಿಳಿಯಬೇಕು, ಉಳಿದ ಮಾತು ಆಮೇಲೆ. ನಮ್ಮ ಕಡೆ ಹಗುರ ಅಂದರೆ ಬೈಗುಳ. ಪಾತ್ರೆಗೂ ಅಷ್ಟೆ, ಬೀಗರಿಗೂ ಅಷ್ಟೆ.

ವಾರದಲ್ಲಿ ಒಂದೆರಡು ದಿನ ಮಾತ್ರ ನಾನು ಬೇರೆ ಮನುಷ್ಯ. ಮೂವತ್ತು ವರ್ಷಗಳಿಂದ ಮದುವೆಗಳಲ್ಲಿ ಹಾಡುವ ಒಂದು ಆರ್ಕೆಸ್ಟ್ರಾದಲ್ಲಿ, ಹಾಡಿನ ಅಡಿಗೆ ದಪ್ಪ ಸ್ವರ ಹಿಡಿಯುವ ಬೇಸ್ ಗಿಟಾರು ನುಡಿಸುತ್ತಿದ್ದೇನೆ. ಈ ವಾದ್ಯದ ಹಣೆಬರಹ ಏನೆಂದರೆ, ಅದು ಇದ್ದಾಗ ಯಾರಿಗೂ ಕೇಳಿಸುವುದಿಲ್ಲ. ನಿಂತಾಗ ಮಾತ್ರ ಊಟಕ್ಕೆ ಕೂತವರು ತಲೆ ಎತ್ತಿ, ಏನೋ ಕಡಿಮೆಯಾಯಿತಲ್ಲ ಎಂದು ಅತ್ತಿತ್ತ ನೋಡುತ್ತಾರೆ. ಮದುವೆ ಮುಗಿದ ಮೇಲೆ ಯಾರಾದರೂ ಹಿರಿಯರು ಬಂದು ಬೆನ್ನು ತಟ್ಟಿ, ‘ಎಲ್ಲಾರೂ ಛಲೋ ಬಾರಿಸಿದ್ರು, ನೀವು ಯಾಕ ಸುಮ್ನ ನಿಂತಿದ್ರಿ?’ ಎಂದು ಕೇಳುವುದುಂಟು. ಮೊದಮೊದಲು ಉತ್ತರ ಕೊಡುತ್ತಿದ್ದೆ. ಈಗ ನಮಸ್ಕಾರ ಹೇಳಿ ಕಳಿಸುತ್ತೇನೆ.

ಹೋದ ವರ್ಷ ಎಡ ಹೆಗಲು ಕೈಕೊಟ್ಟಿತು. ಗಿಟಾರಿನ ಪಟ್ಟಿ ಬೀಳುವುದು ಅದೇ ಹೆಗಲಿನ ಮೇಲೆ. ತಲೆ ಬಾಚಲು ಕೈ ಎತ್ತಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಡಾಕ್ಟರು ತೋಳನ್ನು ಹಿಡಿದು ಎಳೆದು, ತಿರುವಿ, ನಾನು ಕೂಗಿದ ಮೇಲೆ ಸಮಾಧಾನಪಟ್ಟು, ‘ಭಾರ ಎತ್ತೂ ಕೆಲಸ ಏನರ ಮಾಡ್ತೀರೇನು?’ ಎಂದರು. ಹಂಡೆ ಎತ್ತುತ್ತೇನೆ ಎಂದೆ. ಪಕ್ಕದಲ್ಲಿ ಕೂತಿದ್ದ ಹೆಂಡತಿ ಬಿಡಬೇಕಲ್ಲ!

‘ಹಂಡೆ ಎತ್ತಾಕ ಅಂಗಡ್ಯಾಗ ಆಳು ಅದಾನ್ರಿ, ಡಾಕ್ಟರ್. ಇವರು ಮೂರು ಮೂರು ತಾಸು ಹೆಗಲಿಗೆ ಒಂದು ಕಟ್ಟಿಗಿ ತೂಗಹಾಕ್ಕೊಂಡು ನಿಂದರ್ತಾರ. ಅರವತ್ತಕ್ಕ ಅರಳುಮರಳು ಅಂತಾರ, ಇವರಿಗೆ ಎರಡು ವರ್ಷ ಮೊದಲೇ ಬಂತು.’

ಆ ಹೆಗಲಿನ ಮೇಲೆ ಇನ್ನು ಭಾರ ಹಾಕಬೇಡಿ ಎಂದು ಡಾಕ್ಟರು ಹೇಳಿದರು. ಹಾಕಿದರೆ ನರ ಹರಿದೀತು, ಆಮೇಲೆ ತಂಬಿಗೆಯನ್ನೂ ಎತ್ತಲಾರಿರಿ ಎಂದರು.

ಇದು ನಮ್ಮ ಆರ್ಕೆಸ್ಟ್ರಾದ ಮಾಲಕನ ಕಿವಿಗೆ ಬಿತ್ತು. ಅವನು ಬಬಲೇಶ್ವರದವನು, ಕೀಬೋರ್ಡು ನುಡಿಸುತ್ತಾನೆ. ಆರ್ಕೆಸ್ಟ್ರಾ ಕಟ್ಟಿದವನು ಅವನ ಅಪ್ಪ, ನನ್ನ ಗೆಳೆಯ. ಗೆಳೆಯ ಹೋದ ಮೇಲೆ ಮಗನ ಕೈಗೆ ಬಂದಿದೆ. ಕೆಟ್ಟವನಲ್ಲ, ನನಗೆ ಕಾಕಾ ಎನ್ನುತ್ತಾನೆ. ಬೆಣ್ಣೆಯಂಥ ಮಾತು. ಆ ಬೆಣ್ಣೆಯಿಂದಲೇ ಕೂದಲು ತೆಗೆದ ಹಾಗೆ ನನ್ನನ್ನು ತೆಗೆಯಲು ನೋಡಿದ.

‘ಕಾಕಾ, ನೀವ್ಯಾಕ ತ್ರಾಸ ಮಾಡ್ಕೋತೀರಿ? ಕುರ್ಚಿ ಹಾಕಸ್ತೀನಿ, ಮುಂದ ಆರಾಮ ಕುಂದರ್ರಿ. ಬೇಸ್ ನಾ ಎಡಗೈಲೇ ಬಾರಸ್ತೀನಿ.’

ಅವನ ಎಡಗೈ! ಕೀಬೋರ್ಡಿನ ಎಡತುದಿಯ ನಾಲ್ಕು ಮನೆ ಒತ್ತಿದರೆ ಬೇಸ್ ಗಿಟಾರಿನ ಸದ್ದು ಬರುತ್ತದೆ ಎಂಬುದು ನನಗೂ ಗೊತ್ತು. ಸುತ್ತಲಿನ ಎಲ್ಲ ಆರ್ಕೆಸ್ಟ್ರಾಗಳಲ್ಲಿ ನನ್ನಂಥವರನ್ನು ಮನೆಗೆ ಕಳಿಸಿದ್ದು ಕೀಬೋರ್ಡಿನವರ ಎಡಗೈಗಳೇ. ನಾನೊಬ್ಬ ಉಳಿದಿದ್ದೆ. ಅದರಲ್ಲೂ ನಮ್ಮ ಹಾಡುಗಾರನಿಗೆ ವಯಸ್ಸಾಗಿ ಕಂಠ ಕೆಳಗಿಳಿದಿತ್ತು. ಮಾಲಕ ಒಂದು ಗುಂಡಿ ಒತ್ತಿ ಇಡೀ ಹಾಡಿನ ಶ್ರುತಿಯನ್ನು ಕೆಳಗಿಳಿಸಿಬಿಡುತ್ತಿದ್ದ. ನನ್ನ ನಾಲ್ಕು ತಂತಿಯ ಹಳೆಯ ಗಿಟಾರಿನಲ್ಲಿ ಅಷ್ಟು ಕೆಳಗಿನ ಸ್ವರವೇ ಇರಲಿಲ್ಲ. ಅದಕ್ಕೆ ಇನ್ನೂ ದಪ್ಪನೆಯ ಐದನೆಯ ತಂತಿ ಬೇಕು. ಐದನೆಯ ತಂತಿ ಬೇಕೆಂದರೆ ಅಗಲವಾದ ಕತ್ತು ಬೇಕು, ತಂತಿ ಬಿಗಿಯಲು ಇನ್ನೊಂದು ಬಿರಡೆ ಬೇಕು, ಅಂದರೆ ಇನ್ನಷ್ಟು ಭಾರ. ಹೆಗಲು ಬೇಡ ಎನ್ನುತ್ತದೆ, ಹಾಡು ಬೇಕು ಎನ್ನುತ್ತದೆ.

‘ಬ್ಯಾಸಗ್ಯಾಗ ತಿಕೋಟಾದ ಮದಿವಿ ಐತಲ್ಲ, ಅಲ್ಲೀ ತನಕ ನೋಡು,’ ಎಂದೆ. ‘ಆ ಮದಿವ್ಯಾಗ ನಾ ನಿಂತು ಪೂರ್ತಿ ಬಾರಿಸ್ಲಿಲ್ಲಂದ್ರ ಕುರ್ಚಿ ಹಾಕು. ಅಲ್ಲಿಂದ ಮುಂದ ನಾ ಬರಂಗಿಲ್ಲ.’

ಸಿಟ್ಟಿನಲ್ಲಿ ಆಡಿದ ಮಾತು. ಆಡಿದ ಮೇಲೆ ಅದರ ಬೆಲೆ ತಿಳಿಯಿತು. ಮೂವತ್ತು ವರ್ಷಗಳಲ್ಲಿ ವೇದಿಕೆಯ ಮೇಲಿನ ಆ ಒಂದು ಜಾಗ ಬಿಟ್ಟರೆ ನಾನು ನನ್ನದೆಂದು ಮಾಡಿಕೊಂಡದ್ದು ಏನೂ ಇಲ್ಲ. ಅಂಗಡಿ ಅಜ್ಜನದು, ಮನೆ ಅಪ್ಪನದು.

ಊರಿನ ವಾದ್ಯದ ಅಂಗಡಿಯಲ್ಲಿ ಹಾರ್ಮೋನಿಯಂ ಇದೆ, ತಬಲಾ ಇದೆ, ಸಾಲಿ ಮಕ್ಕಳ ಬ್ಯಾಂಡಿನ ಡ್ರಮ್ಮು ರಾಶಿ ಬಿದ್ದಿದೆ. ಐದು ತಂತಿಯ ಹಗುರಾದ ಬೇಸ್ ಗಿಟಾರು ತರಿಸಿಕೊಡಪ್ಪಾ ಎಂದು ಅಂಗಡಿಯವನಿಗೆ ಹೇಳಿ ಬಂದೆ. ಎರಡು ವಾರದ ಮೇಲೆ ಫೋನು ಮಾಡಿದ, ಓಡಿದೆ. ಆರು ತಂತಿಯ ಸಾದಾ ಗಿಟಾರನ್ನು ಮುಂದಿಟ್ಟ. ಬೇಸ್ ಅಲ್ಲವೇ ಅಲ್ಲ. ನಾನು ಬಾಯಿ ತೆರೆಯುವ ಮೊದಲೇ ಅವನೇ ಉದಾರವಾಗಿ, ‘ನೀವು ಐದು ಕೇಳಿದ್ರಿ, ನಾ ಆರು ತರಿಸೀನ್ರಿ. ಒಂದು ಹೆಚ್ಚಿಗೇನ ಐತಲ್ರಿ?’ ಎಂದ. ನಾಲ್ಕು ಕೊಡ ಕೇಳಿದವನಿಗೆ ಆರು ಚಮಚ ಕೊಟ್ಟು ಎರಡು ಹೆಚ್ಚಿಗೆ ಕೊಟ್ಟೆ ಎಂದು ನಾನು ಎಂದಾದರೂ ಹೇಳಿದ್ದೇನೆಯೇ? ವ್ಯಾಪಾರಿಯ ಮೇಲೆ ವ್ಯಾಪಾರಿ ರೇಗಬಾರದೆಂದು ಹಲ್ಲು ಕಚ್ಚಿಕೊಂಡು, ಮೊಬೈಲಿನಲ್ಲಿ ಚಿತ್ರ ತೋರಿಸಿ, ತಂತಿಗಳನ್ನು ಬೆರಳಿಟ್ಟು ಎಣಿಸಿ ತೋರಿಸಿ ಬಂದೆ. ಮತ್ತೆ ಮೂರು ತಿಂಗಳು ಹೋಯಿತು. ಕೊನೆಗೆ ಎರಡು ಬೇಸ್ ಗಿಟಾರು ಬಂದವು. ಎರಡಕ್ಕೂ ಐದೈದು ತಂತಿ. ಎರಡೂ ಹಗುರ ಎಂದು ಡಬ್ಬಿಯ ಮೇಲೆ ಬರೆದಿತ್ತು. ಎಷ್ಟು ಹಗುರ ಎಂದು ಬರೆದಿರಲಿಲ್ಲ.

‘ತೂಕ ಎಷ್ಟು ಇದರದ್ದು?’ ಎಂದು ಕೇಳಿದೆ.

‘ತೂಕ ತಗೊಂಡು ಏನ್ ಮಾಡ್ತೀರಿ ಸಾವಕಾರ್ರ? ಇದೇನ್ ಬೆಲ್ಲದ ಪೆಂಟಿ ಏನ್ರಿ?’ ಎಂದ ಅಂಗಡಿಯವನು.

ಮರುದಿನ ನನ್ನ ಅಂಗಡಿಯ ತೂಕದ ಯಂತ್ರವನ್ನೇ ಬಗಲಲ್ಲಿ ಇಟ್ಟುಕೊಂಡು ಹೋದೆ. ಜೊತೆಗೆ ನಮ್ಮ ಢೋಲಕಿಯವನನ್ನೂ ಕರೆದುಕೊಂಡು ಹೋದೆ. ಅವನು ಬಬಲೇಶ್ವರದ ಹತ್ತಿರದ ಜೈನಾಪುರದವನು. ಸ್ವಲ್ಪ ಹೊಲ, ಒಂದಿಷ್ಟು ಕುರಿ. ಇಪ್ಪತ್ತು ವರ್ಷಗಳಿಂದ ವೇದಿಕೆಯ ಮೇಲೆ ನನ್ನ ಮಗ್ಗುಲಲ್ಲಿ ಕೂತು ಬಾರಿಸುವವನು. ಬೇಸ್‌ನವನೂ ಢೋಲಕಿಯವನೂ ಜೋಡೆತ್ತು, ಒಬ್ಬ ತಪ್ಪಿದರೆ ಇಬ್ಬರೂ ಬೀಳುತ್ತಾರೆ. ಕುರಿ ಸಂತೆಯಲ್ಲಿ ಅವನು ಟಗರನ್ನು ಒಂದು ಸಲ ಎತ್ತಿ ಕೆಳಗಿಟ್ಟು ಇಷ್ಟು ತೂಕ ಎಂದರೆ ಕಾಲು ಕಿಲೋ ಆಚೀಚೆ ಆಗುವುದಿಲ್ಲ. ಆದರೂ ನಾನು ಅವನ ತೋಳನ್ನು ನಂಬಿ ಕರೆದೊಯ್ದದ್ದಲ್ಲ, ಡಬ್ಬಿ ಹೊರಲು ನನ್ನ ಹೆಗಲು ಬರುವುದಿಲ್ಲವೆಂದು ಕರೆದೊಯ್ದದ್ದು.

ಮನೆಯಲ್ಲಿ ನನ್ನ ಹಳೆಯ ಗಿಟಾರನ್ನು ತೂಗಿ ಬಂದಿದ್ದೆ: ನಾಲ್ಕು ಕಿಲೋ ಆರುನೂರು ಗ್ರಾಂ. ಈಗ ಕೌಂಟರಿನ ಮೇಲೆ ಯಂತ್ರವಿಟ್ಟು, ಶೂನ್ಯ ಮಾಡಿ, ಮೊದಲ ಗಿಟಾರನ್ನು ಮಲಗಿಸಿದೆ. ಕಂದು ಬಣ್ಣದ್ದು. ಮೂರು ಕಿಲೋ ಎಂಟುನೂರು. ಎರಡನೆಯದು ಕರಿಯದು. ಮೂರು ಕಿಲೋ ಒಂದುನೂರು! ಯಂತ್ರ ತಪ್ಪಿತೇನೋ ಎಂದು ಎರಡೆರಡು ಸಲ ಇಟ್ಟು ತೆಗೆದೆ. ಹಾರ್ಮೋನಿಯಂ ನೋಡಲು ಬಂದಿದ್ದ ಭಜನೆಯವರು ತಮ್ಮ ಕೆಲಸ ಬಿಟ್ಟು ನಮ್ಮ ಸುತ್ತ ನಿಂತರು. ಒಬ್ಬರು ಬೆರಳಿನಿಂದ ಕರಿಯದನ್ನು ಕುಟ್ಟಿ ನೋಡಿ, ‘ಪೊಳ್ಳು ಐತ್ರಿ, ಬ್ಯಾಡ್ರಿ,’ ಎಂದು ಸಲಹೆಯನ್ನೂ ಕೊಟ್ಟರು. ನನ್ನ ಜೀವನವಿಡೀ ನಾನೇ ಜನರಿಗೆ ಕಲಿಸಿದ ಬುದ್ಧಿ ಅದು.

ಅಷ್ಟರಲ್ಲಿ ನಮ್ಮ ಕುರಿಯವನು ಕರಿಯದನ್ನು ಹೆಗಲಿಗೆ ಹಾಕಿಕೊಂಡು ಎರಡೂ ಕೈ ಬಿಟ್ಟು ನಿಂತ. ತಂತಿ ಮುಟ್ಟಲಿಲ್ಲ. ನಾಲ್ಕು ಹೆಜ್ಜೆ ನಡೆದ, ಕೂತ, ಎದ್ದ. ತೆಗೆದಿಟ್ಟು ಕಂದು ಬಣ್ಣದ್ದನ್ನು ಹಾಕಿಕೊಂಡು ಮತ್ತೆ ಅದೇ ಆಟ. ಭಜನೆಯವರು ನಗತೊಡಗಿದರು. ನನಗೆ ಮರ್ಯಾದೆ ಹೋದಂತಾಯಿತು.

‘ಇದನ್ನ ತಗೋರ್ರಿ, ಸಾವಕಾರ್ರ,’ ಎಂದ. ಕೈ ಇಟ್ಟದ್ದು ಕಂದು ಬಣ್ಣದ್ದರ ಮೇಲೆ.

‘ಅಲ್ಲೋ ಯಪ್ಪಾ, ಅದು ಏಳುನೂರು ಗ್ರಾಂ ಹೆಚ್ಚಿಗಿ ಐತಿ! ಯಂತ್ರ ಕಾಣಸ್ಲಿಲ್ಲೇನು ನಿನಗ?’

‘ಕಾಣಸ್ತ್ರಿ. ಆದ್ರ ಮೈಮ್ಯಾಲ ಇದು ಹಗುರ ಐತಿ.’

‘ಇದೇನು ಟಗರು ಅಂತ ತಿಳದೀಯೇನು, ಭಾರ ಇದ್ದದ್ದು ನೋಡಿ ಆರಿಸಾಕ?’

ಅವನು ಗಿಟಾರಿನ ಮೇಲಿನ ಕೈ ತೆಗೆಯಲಿಲ್ಲ. ‘ಟಗರು ಮಾರಾಕ ತೂಕ ನೋಡ್ತೀವಿ. ಮರಿ ಹೊರಾಕ ಹಂಗ ನೋಡಂಗಿಲ್ರಿ. ಕುರಿ ಹೊಡ್ಕೊಂಡು ಹೊಂಟಾಗ ನಡೀಲಾರದ ಮರಿ ಹೆಗಲಮ್ಯಾಲ ಹೊರತೀವಿ. ಸುಮ್ನ ಕುಂತ ಮರಿ ಎಷ್ಟು ದೊಡ್ಡದಿದ್ರೂ ಹಗುರ. ಒದ್ಯಾಡೂ ಮರಿ ಸಣ್ಣದಿದ್ರೂ ಭಾರ. ಈ ಕರೇದು ಒದ್ಯಾಡತೈತ್ರಿ.’

ಕಟ್ಟಿಗೆ ಒದ್ದಾಡುತ್ತದಂತೆ! ಪಿತ್ತ ನೆತ್ತಿಗೇರಿತು. ಎಲ್ಲರೆದುರು, ನೀನು ಢೋಲಕಿ ಬಾರಿಸು, ತೂಕದ ಮಾತು ತೂಕದವರಿಗೆ ಬಿಡು ಎಂದುಬಿಟ್ಟೆ. ಕರಿಯದಕ್ಕೇ ದುಡ್ಡು ಕೊಟ್ಟೆ. ಅವನು ಕರಿಯ ಗಿಟಾರಿನ ಡಬ್ಬಿಯನ್ನು ಹೊತ್ತು ನನ್ನ ಮನೆಯವರೆಗೆ ತಂದಿಟ್ಟು, ಚಹಾ ಕುಡಿದು, ಬಸ್ಸು ಹಿಡಿದ.

ಆ ವಾರವೇ ಬಬಲೇಶ್ವರದಲ್ಲಿ ತಾಲೀಮು. ಮಾಲಕನ ಗೊಬ್ಬರದ ಅಂಗಡಿಯ ಮೇಲಿನ ಕೋಣೆಯಲ್ಲಿ ನಾವು ಸೇರುವುದು. ಮದುವಣಗಿತ್ತಿಯ ಹಾಗೆ ಕರಿಯ ಗಿಟಾರನ್ನು ಹೊರಗೆ ತೆಗೆದೆ. ಹೆಗಲಿಗೆ ಹಾಕಿಕೊಂಡರೆ ಹೂವು! ನಗುನಗುತ್ತಾ, ಬಟ್ಟೆ ಸರಿಮಾಡಿಕೊಳ್ಳಲು ಎಡಗೈ ಬಿಟ್ಟೆ. ಗಿಟಾರಿನ ತಲೆ ಸರ್ರನೆ ನೆಲಕ್ಕೆ ಇಳಿಯಿತು.

ಆಗ ಅರ್ಥವಾಯಿತು. ಹಗುರ ಮಾಡಬೇಕೆಂದು ಅದರ ಹೊಟ್ಟೆಯನ್ನು ಟೊಳ್ಳು ಮಾಡಿದ್ದರು. ತಲೆಯಲ್ಲಿ ಮಾತ್ರ ಐದು ದಪ್ಪ ಲೋಹದ ಬಿರಡೆಗಳು ಹಾಗೇ ಇದ್ದವು. ಹೊಟ್ಟೆಯಲ್ಲಿ ಏನೂ ಇಲ್ಲ, ಭಾರವೆಲ್ಲ ತಲೆಗೆ. ನುಡಿಸುವಾಗ ಆ ತಲೆ ಬೀಳದಂತೆ ಎಡಗೈಯಲ್ಲಿ ಎತ್ತಿ ಹಿಡಿಯಬೇಕು, ಅದೇ ಕೈಯಲ್ಲಿ ಸ್ವರವನ್ನೂ ಒತ್ತಬೇಕು. ಎರಡನೆಯ ಹಾಡು ಮುಗಿಯುವುದರೊಳಗೆ ಹೆಗಲಿಂದ ಕಿರುಬೆರಳಿನವರೆಗೆ ಜೋಮು ಹಿಡಿಯಿತು. ನಾಲ್ಕು ಕಿಲೋ ಆರುನೂರರ ಹಳೆಯ ಗಿಟಾರು ಕೂಡ ಇಷ್ಟು ಬೇಗ ಹೀಗೆ ಮಾಡಿರಲಿಲ್ಲ. ಮಧ್ಯದಲ್ಲೇ ನಿಲ್ಲಿಸಿದೆ. ನೆಲ ಸಮ ಇಲ್ಲ, ಕೋಣೆಯಲ್ಲಿ ಸೆಕೆ ಎಂದು ಏನೇನೋ ಹೇಳಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಮುಂದಿನ ಹಾಡಿಗೆ ಮಾಲಕನ ಎಡಗೈ ತಾನಾಗಿ ಕೀಬೋರ್ಡಿನ ಎಡತುದಿಗೆ ಹೋಯಿತು. ಬೇಸ್ ಬಂತು. ತಪ್ಪೇ ಇಲ್ಲದ, ಜೀವವೂ ಇಲ್ಲದ ಬೇಸ್. ನಾನು ಗೋಡೆಗೆ ಒರಗಿ ತೋಳು ತಿಕ್ಕಿಕೊಳ್ಳುತ್ತಾ ಕೇಳಿದೆ. ಢೋಲಕಿಯವನು ತಲೆ ಎತ್ತದೆ ಬಾರಿಸುತ್ತಿದ್ದ. ನಾನು ಹೇಳಿದ್ದೆನಲ್ಲ ಎಂದು ಅವನು ಒಂದು ಮಾತು ಅಂದಿದ್ದರೆ ನನಗೆ ಜಗಳವಾಡಲು ದಾರಿಯಾಗುತ್ತಿತ್ತು.

ಮರುದಿನ ಬಾಗಿಲು ತೆರೆಯುವ ಹೊತ್ತಿಗೆ ವಾದ್ಯದ ಅಂಗಡಿಯ ಮುಂದೆ ನಿಂತಿದ್ದೆ. ಕಂದು ಬಣ್ಣದ್ದನ್ನು ಬಾಗಲಕೋಟೆಯ ಕಡೆಯವರು ಯಾರೋ ಒಯ್ದಾಗಿತ್ತು. ಮತ್ತೆ ತರಿಸಬೇಕೆಂದರೆ ತಿಂಗಳ ಮೇಲೆ. ಮದುವೆಗೆ ಉಳಿದದ್ದು ಒಂಬತ್ತು ದಿನ.

ಸೋತೆ ಎನ್ನಲು ನನ್ನ ಬುದ್ಧಿ ಒಪ್ಪಬೇಕಲ್ಲ. ತಲೆ ಭಾರವಾದರೆ ಬಾಲಕ್ಕೂ ಭಾರ ಕಟ್ಟಿದರಾಯಿತು ಎಂದು ಲೆಕ್ಕ ಹಾಕಿದೆ. ಅಂಗಡಿಯ ಹಳೆಯ ತಕ್ಕಡಿಯ ತೂಕದ ಬಟ್ಟುಗಳನ್ನು ಹುಡುಕಿ ತೆಗೆದು, ದಾರದಿಂದ ಗಿಟಾರಿನ ಬಾಲಕ್ಕೆ ಕಟ್ಟುತ್ತಾ ಹೋದೆ. ಇನ್ನೂರು ಗ್ರಾಮಿಗೆ ತಲೆ ಕೇಳಲಿಲ್ಲ. ಐದುನೂರಕ್ಕೂ ಕೇಳಲಿಲ್ಲ. ಐದುನೂರು, ಇನ್ನೂರು ಎರಡೂ ಸೇರಿಸಿದಾಗ ತಲೆ ಕೆಳಗಿಳಿಯದೆ ನೆಟ್ಟಗೆ ನಿಂತಿತು. ಗೆದ್ದೆ ಎಂದು ಯಂತ್ರದ ಮೇಲಿಟ್ಟರೆ ಮೂರು ಕಿಲೋ ಎಂಟುನೂರು ಎಂದು ತೋರಿಸಿತು. ಅಂದರೆ ಅವನು ಕೈ ಇಟ್ಟು ತೋರಿಸಿದ್ದ ಗಿಟಾರಿನ ತೂಕ, ಒಂದು ಗ್ರಾಂ ಆಚೀಚೆ ಇಲ್ಲ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಂಡತಿ, ‘ಹಗುರಂದು ಬೇಕಂತ ನಾಕು ತಿಂಗಳು ತಿರಿಗ್ಯಾಡಿ ತಂದು, ಈಗ ಅದಕ್ಕ ಕಲ್ಲು ಕಟ್ಟಾಕತ್ತೀರೇನ್ರಿ?’ ಎಂದಳು. ಮಾಡಿದ್ದುಣ್ಣೋ ಮಹರಾಯ ಎಂದು ಬೇರೆ ಹೇಳಿ ಒಳಗೆ ಹೋದಳು. ಮನೆಯಲ್ಲೇ ಅಭ್ಯಾಸಕ್ಕೆ ನಿಂತರೆ, ಕಟ್ಟಿದ ಬಟ್ಟು ಎರಡನೆಯ ಹಾಡಿಗೇ ಜಾರಿ ನನ್ನ ಕಾಲ ಮೇಲೆ ಬಿತ್ತು. ಹೆಬ್ಬೆರಳಿನ ಉಗುರು ಕಪ್ಪಾಯಿತು.

ನಾಲ್ಕು ದಿನ ಬಿಟ್ಟು ಢೋಲಕಿಯವನು ಅಂಗಡಿಗೆ ಬಂದ. ಚೀಲದಿಂದ ಒಂದು ಪಟ್ಟಿ ತೆಗೆದು ಕೌಂಟರಿನ ಮೇಲಿಟ್ಟ. ಕರಿ ಕಂಬಳಿಯ ಪಟ್ಟಿ. ಒಂದು ಗೇಣಿಗೆ ಸ್ವಲ್ಪ ಕಡಿಮೆ ಅಗಲ, ಎರಡು ತುದಿಗೂ ಚರ್ಮ ಹಾಕಿ ಹೊಲಿದು, ಗಿಟಾರಿನ ಗುಂಡಿಗಳಿಗೆ ಸಿಕ್ಕಿಸಲು ತೂತು ಮಾಡಿದ್ದ.

‘ಅಂಗಡ್ಯಾಗ ಕೊಟ್ಟ ಪಟ್ಟಿ ನುಣ್ಣಗ ಐತ್ರಿ, ಜಾರತೈತಿ. ಅದಕ್ಕ ಅದು ಒದ್ಯಾಡತೈತಿ. ಕಂಬಳಿ ಜಾರಂಗಿಲ್ರಿ. ಮರಿ ಹೊರೂಮುಂದ ನಾವು ಇದನ್ನ ಹಾಕ್ಕೋತೀವಿ ಹೆಗಲಮ್ಯಾಲ.’

ಹಾಕಿ ನೋಡಿದೆ. ಕೈ ಬಿಟ್ಟೆ. ತಲೆ ಒಂದು ಬೆರಳಿನಷ್ಟು ಬಾಗಿ ನಿಂತುಬಿಟ್ಟಿತು. ಕಂಬಳಿಯ ಒರಟು ಉಣ್ಣೆ ನನ್ನ ಅಂಗಿಯನ್ನು ಕಚ್ಚಿ ಹಿಡಿದಿತ್ತು. ಇಷ್ಟು ಸರಳವಾದದ್ದು ಮೂವತ್ತು ವರ್ಷ ನುಡಿಸಿದ ನನಗೆ ಹೊಳೆಯಲಿಲ್ಲವಲ್ಲ ಎಂದು ನನ್ನ ಮೇಲೆ ನನಗೇ ರೇಗಿತು. ಆ ಸಿಟ್ಟನ್ನು ಅವನ ಮೇಲೆ ತೀರಿಸಿದೆ. ‘ಚುಚ್ಚತೈತಲ್ಲೋ ಇದು!’ ಎಂದೆ. ಮದುವೆಯ ದಿನ ತಿಕೋಟಾಕ್ಕೆ ಹೋಗುವ ಟೆಂಪೋದಲ್ಲಿ ದಾರಿಯುದ್ದಕ್ಕೂ ಗೊಣಗಿದೆ. ಕುರಿ ವಾಸನೆ ಬರುತ್ತದೆ ಎಂದೆ. ಬೀಗರು ಮೂಗು ಮುಚ್ಚಿಕೊಂಡಾರು, ಹೊಸ ಕಂಬಳಿ ಸಿಗಲಿಲ್ಲವೇ ನಿನಗೆ ಎಂದೆ. ಅವನು ಕಿಟಕಿಯ ಹೊರಗೆ ದ್ರಾಕ್ಷಿಯ ತೋಟಗಳನ್ನು ನೋಡುತ್ತಾ ಕೂತಿದ್ದ.

ಅಕ್ಷತೆ ಮುಗಿದು ಜನ ಊಟಕ್ಕೆ ಕೂತಾಗ ನಮ್ಮ ಹಾಡು ಶುರು. ಬೇಸಿಗೆಯ ನಡುಮಧ್ಯಾಹ್ನ, ತಲೆಯ ಮೇಲೆ ತಗಡು. ವೇದಿಕೆಯ ಮೂಲೆಯಲ್ಲಿ ಮಾಲಕ ನನಗಾಗಿ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ತಂದಿಡಿಸಿದ್ದ. ಅದನ್ನು ನೋಡಿ ಮೈ ಉರಿಯಿತು. ಮೊದಲ ಹಾಡಿನಿಂದಲೇ ಅವನ ಎಡಗೈ ಕೀಬೋರ್ಡಿನ ಎಡತುದಿಯ ಮೇಲೆ, ಮುಟ್ಟದೆ, ಹದ್ದಿನ ಹಾಗೆ ಕಾಯುತ್ತಿತ್ತು. ನಾನು ಹಾಡುಗಾರನನ್ನು ನೋಡಲಿಲ್ಲ, ಜನರನ್ನು ನೋಡಲಿಲ್ಲ, ಆ ಕೈಯನ್ನೇ ನೋಡುತ್ತಾ ಬಾರಿಸಿದೆ. ಹೆಗಲು ಕಡಿಯುತ್ತಿತ್ತು, ಬೆವರಿಗೆ ಉಣ್ಣೆ ಸುಡುತ್ತಿತ್ತು, ವಾಸನೆಯಂತೂ ಹೇಳುವುದೇ ಬೇಡ. ಆದರೆ ಅದು ಚರ್ಮದ ಮೇಲಿನ ತ್ರಾಸು, ಒಳಗಿನ ನೋವಲ್ಲ. ಐದನೆಯ ತಂತಿಯ ಆಳದ ಸ್ವರ ಒತ್ತಿದಾಗ ಊಟದ ಮೇಜಿನ ಮೇಲಿನ ನೀರಿನ ಗ್ಲಾಸುಗಳು ನಡುಗಿದ್ದನ್ನು ಕಂಡೆ. ಏಳೋ ಎಂಟೋ ಹಾಡಾಗಿರಬೇಕು, ಮಾಲಕ ಎಡಗೈಯನ್ನು ಕೀಬೋರ್ಡಿನಿಂದ ತೆಗೆದು, ಕಿಸೆಯಿಂದ ಕರವಸ್ತ್ರ ಎಳೆದು ಮುಖ ಒರೆಸಿಕೊಂಡ. ಆ ಕೈ ಮತ್ತೆ ಅಲ್ಲಿಗೆ ಹೋಗಲಿಲ್ಲ. ಕುರ್ಚಿಯ ಮೇಲೆ ಯಾರೋ ಹಾರದ ಬುಟ್ಟಿ ಇಟ್ಟರು. ನನಗೆ ಅಳು ಬಂತು, ಬೆವರು ಎಂದು ಒರೆಸಿಕೊಂಡೆ.

ಕೊನೆಯ ಪಂಕ್ತಿಯಲ್ಲಿ ನಮ್ಮ ಊಟ. ಗಿಟಾರನ್ನು ಮಗ್ಗುಲಿಗೆ ಒರಗಿಸಿಟ್ಟುಕೊಂಡು ಢೋಲಕಿಯವನ ಪಕ್ಕ ಕೂತೆ. ಗೋಧಿ ಹುಗ್ಗಿ ಬಡಿಸುವ ಹೊತ್ತಿಗೆ ಅವನ ಹೆಂಡತಿ ಬಂದಳು. ಹುಡುಗಿಯ ಕಡೆಯವರು ಅವಳಿಗೆ ನೆಂಟರು. ನನಗೆ ನಮಸ್ಕಾರ ಮಾಡಿ, ಬಗ್ಗಿ, ಕಂಬಳಿಯ ಪಟ್ಟಿಯ ಮೇಲೆ ಅಂಗೈಯಾಡಿಸಿದಳು.

‘ಇದನ್ನ ಒಮ್ಮೆ ನೋಡೂಣಂತ ಬಂದೆ, ಅಣ್ಣಾರ. ನಮ್ಮ ಮಾವಾರದು ಈ ಕಂಬಳಿ. ಅವರು ಹೋದಮ್ಯಾಲ ಯಾರೂ ಹೊಚ್ಚಗೊಂಡಿಲ್ಲ, ಹಬ್ಬಕ್ಕೊಮ್ಮೆ ಹಾಸಿ ಪೂಜಾ ಮಾಡ್ತಿದ್ವಿ. ಇವ್ರು ಕತ್ತರಿ ಹಚ್ಚ್ಯಾರ ನೋಡ್ರಿ. ಈಗಿನ ಕಂಬಳಿ ಮೆತ್ತಗ ಇರತಾವ, ಅವು ಜಾರತಾವ, ಹಳೇದೇ ಬೇಕು ಅಂದ್ರು. ನಾಕು ದಿನ ನಾ ಮಾತಾಡ್ಲಿಲ್ಲ ಇವರ ಜೋಡಿ.’ ಪಟ್ಟಿಯ ಸುಕ್ಕು ಸರಿಮಾಡಿ, ‘ಇರ್ಲಿ ಬಿಡ್ರಿ, ಛಲೋ ಬಾರಿಸಿದ್ರಿ. ನಂಗ ಕೇಳಿಸ್ತು,’ ಎಂದಳು.

ಅವಳು ಹೋದ ಮೇಲೆ ಟೆಂಪೋದಲ್ಲಿ ನಾನು ಆಡಿದ ಒಂದೊಂದು ಮಾತೂ ನೆನಪಾಯಿತು. ನಾಚಿಕೆಯಾದರೆ ನನಗೆ ಸಿಟ್ಟು ಬರುತ್ತದೆ, ಅದು ಮೊದಲಿನಿಂದಲೂ ಹಾಗೇ.

‘ಅಪ್ಪನ ಕಂಬಳಿ ಅಂತ ಒಂದು ಮಾತು ಹೇಳಾಕ ನಿನಗ ಏನಾಗಿತ್ತಲೇ?’ ಎಂದು ಅವನ ಮೇಲೆ ಹರಿಹಾಯ್ದೆ.

ಅವನು ಹುಗ್ಗಿಗೆ ತುಪ್ಪ ಕಲಸುತ್ತಾ, ತಲೆ ಎತ್ತದೆ, ‘ಹೇಳಿದ್ರ ನೀವು ಅದನ್ನೂ ತಕ್ಕಡ್ಯಾಗ ಹಾಕಿ ನೋಡ್ತಿದ್ರಿ, ಸಾವಕಾರ್ರ,’ ಎಂದ.

ನಾನೂ ಹುಗ್ಗಿಗೆ ಕೈ ಹಾಕಿದೆ. ಅವನು ಆ ಪಟ್ಟಿ ಕೊಟ್ಟು ಅಂಗಡಿಯ ಮೆಟ್ಟಿಲು ಇಳಿಯುತ್ತಿದ್ದಂತೆಯೇ ನಾನು ಅದನ್ನು ಯಂತ್ರದ ಮೇಲಿಟ್ಟು ತೂಗಿ ನೋಡಿದ್ದೆ. ಒಂದುನೂರ ಎಂಬತ್ತು ಗ್ರಾಂ ಇತ್ತು.